ಮಗುವಿನ ಹಳೇ ಅಂಗಿ ಯಾರಿಗೆ?

ಮಗು ಬೆಳೀತು, ಅಂಗಿ ಗಿಡ್ಡ ಆಯ್ತು. ತಂಗಿ ಮಗುವಿಗೆ ಕೊಡ್ತೀವಿ, ಹರಿದಿದ್ರೆ ಕೌದಿಗೆ ಹಾಕ್ತೀವಿ. ಇವತ್ತು ನಾನು ಕೊಟ್ರೆ ನಾಳೆ ಅವಳು ಕೊಡ್ತಾಳೆ. ಇದರಲ್ಲಿ ಅವಮಾನ ಇಲ್ಲ.

ಆದರೆ "ಕಸ ತಗೊಂಡು ಹೋಗೋಳ ಮಗುಗೆ ಕೊಟ್ಬಿಡಿ" ಅನ್ನೋ ಮಾತಿಗೆ ಬೇರೆಯದೇ ಚರಿತ್ರೆ ಇದೆ ಗೆಳೆಯರೇ. ಮನುಸ್ಮೃತಿಯ 10ನೇ ಅಧ್ಯಾಯ ತೆಗೆದು ನೋಡಿ. ಶೂದ್ರನಿಗೆ ಎಂಜಲು, ಹಳೇ ಬಟ್ಟೆ, ಜೊಳ್ಳು ಕಾಳು ಕೊಡಬೇಕು ಅನ್ನುತ್ತೆ 125ನೇ ಶ್ಲೋಕ. ಚಾಂಡಾಲರಿಗಂತೂ ಹೆಣದ ಬಟ್ಟೆ, ಅದು 52ನೆಯದು. ದಾನ ಅಲ್ಲ ಸ್ವಾಮಿ, ಕಟ್ಟಳೆ!

ಈ ಪುಸ್ತಕವನ್ನೇ ಬಾಬಾಸಾಹೇಬರು 1927ರ ಡಿಸೆಂಬರ್ 25ರಂದು ಮಹಾಡಿನಲ್ಲಿ ಸುಟ್ಟಿದ್ದು. ಸುಟ್ಟದ್ದು ಎಲ್ಲರಿಗೂ ನೆನಪಿದೆ. ಅದೇ ಸಮಾವೇಶದಲ್ಲಿ ಹೆಣ್ಣುಮಕ್ಕಳ ಜೊತೆ ಬಟ್ಟೆ ಬಗ್ಗೆ ಮಾತಾಡಿದ್ದು ಎಷ್ಟು ಜನಕ್ಕೆ ಗೊತ್ತು? ಬಟ್ಟೆಗೆ ತೇಪೆ ಇದ್ದರೂ ಚಿಂತೆಯಿಲ್ಲ, ಶುಭ್ರವಾಗಿರಲಿ. ನೀವು ಏನು ತೊಡಬೇಕು ಅನ್ನೋದನ್ನ ಯಾರೂ ತಡೆಯೋ ಹಾಗಿಲ್ಲ ಅಂದರು. ಅಲ್ಲೇ ಎಷ್ಟೋ ತಾಯಂದಿರು ಸೀರೆ ಉಡೋ ರೀತಿ ಬದಲಿಸಿದರು. ತೇಪೆಗಲ್ಲ, ಕಟ್ಟಳೆಗೆ ಅವರ ವಿರೋಧ.

ಮನೆಕೆಲಸದ ಅಮ್ಮನಿಗೆ ಕೊಡೋದಾದ್ರೆ ಮೊದಲು ಬೇಕಾ ಅಂತ ಕೇಳಿ. ಒಗೆದು ಕೊಡಿ. ಹಬ್ಬದ ಬೋನಸ್ ಬದಲು ಕೊಡಬೇಡಿ. ಅವರ ಮಗು ಹಾಕಿಬಿಟ್ಟ ಅಂಗಿನ ನಿಮ್ಮ ಮಗುಗೆ ತೊಡಿಸ್ತೀರಾ?

ಜೈ ಭೀಮ್.