ಪಗಾರ ಎಷ್ಟು ಎಂದು ಕೇಳಿದ ಮೇಲೆ: ಮಿರಜ್-ಸಾಂಗ್ಲಿಯ ನಾಲ್ಕು ದುಡಿಮೆಗಳ ಕಥೆ



ಮಿರಜ್ ಎಂದರೆ ನಮ್ಮ ಅಜ್ಜ-ಅಜ್ಜಿಯರಿಗೆ ನೆನಪಾಗುವುದು ದವಾಖಾನೆ. ಡಾ. ವಿಲಿಯಂ ವಾನ್ಲೆಸ್ 1894ರಲ್ಲಿ ಆರಂಭಿಸಿದ ಆ ಮಿಷನ್ ಆಸ್ಪತ್ರೆಗೆ ಗಡಿಭಾಗದ ಎಷ್ಟೋ ಕನ್ನಡ ಮನೆಗಳವರು ಹೋಗಿಬಂದಿದ್ದಾರೆ. ನಮ್ಮ ವಯಸ್ಸಿನವರಿಗೆ ಮಾತ್ರ ಮಿರಜ್, ಸಾಂಗ್ಲಿ ಎಂದರೆ ಕೆಲಸ. ಯಾರಿಗಾದರೂ ಅಲ್ಲಿ ಕೆಲಸ ಸಿಕ್ಕಿತೆಂದರೆ ನಾವು ಕೇಳುವ ಮೊದಲ ಪ್ರಶ್ನೆ, "ಪಗಾರ ಎಷ್ಟು?"

ನಮ್ಮ ಸಂಘದ ಗೆಳೆಯನೊಬ್ಬ ಆ ಕಡೆಯ ಒಂದು ಕಾರ್ಖಾನೆಗೆ ಸೇರಿದ. ಎಲ್ಲರಂತೆ ಅದೇ ಗೇಟು, ಅದೇ ಯಂತ್ರ, ಅದೇ ಪಾಳಿ. ಆರು ತಿಂಗಳಾದ ಮೇಲೆ ಆರ್ಡರ್ ಕಡಿಮೆಯಾಯಿತು, ಅವನನ್ನು ಮನೆಗೆ ಕಳಿಸಿದರು. ತಾನು ಕಂಪನಿಯ ಕೆಲಸಗಾರನಲ್ಲ, ಗುತ್ತಿಗೆದಾರನ ಆಳು ಎಂಬುದು ಅವನಿಗೆ ಸರಿಯಾಗಿ ತಿಳಿದದ್ದು ಆ ದಿನವೇ. ಪಗಾರ ಎಷ್ಟೆಂದು ನಾವೆಲ್ಲ ಕೇಳಿದ್ದೆವು. "ನೀನು ಯಾರ ಲೆಕ್ಕದಲ್ಲಿದ್ದೀ?" ಎಂದು ಮಾತ್ರ ಯಾರೂ ಕೇಳಿರಲಿಲ್ಲ.

ನಾನು ಓದಿದ್ದು ಬಿಎಸ್ಸಿ, ಇತಿಹಾಸವಲ್ಲ. ಆದರೂ ಆ ಪ್ರಶ್ನೆಯನ್ನು ಹಿಡಿದುಕೊಂಡು ಮಿರಜ್-ಸಾಂಗ್ಲಿಯ ಹಳೆಯ ಕಥೆಗಳನ್ನು ಓದತೊಡಗಿದೆ. ಒಂದೇ ಜಿಲ್ಲೆಯಲ್ಲಿ ದುಡಿಮೆಯ ನಾಲ್ಕು ಬೇರೆ ಬೇರೆ ವ್ಯವಸ್ಥೆಗಳು ಕಂಡವು.

ಮೊದಲನೆಯದು ಮನೆತನದ ಕಸುಬು. ಮಿರಜಿನ ಶಿಕಲ್ಗಾರರು ಮೊದಲು ಕತ್ತಿ, ಆಯುಧಗಳನ್ನು ಸಾಣೆ ಹಿಡಿಯುತ್ತಿದ್ದವರು. ಬ್ರಿಟಿಷರ ಆಳ್ವಿಕೆಯಲ್ಲಿ ಆಯುಧಗಳಿಗೆ ಬೇಡಿಕೆ ಕುಸಿಯಿತು. 1850ರ ಆಸುಪಾಸಿನಲ್ಲಿ ಫರೀದ್‌ಸಾಹೇಬರು ಮತ್ತು ಅವರ ಮನೆಯವರು ತಂಬೂರಿ, ಸಿತಾರ್ ಮಾಡಲು ಕಲಿತರು. ಸೋರೆ ಬುರುಡೆಗೆ ಮರ ಜೋಡಿಸುವುದು, ಕೆತ್ತುವುದು, ಮೆರುಗು ಕೊಡುವುದು, ಕೊನೆಗೆ ಕುದುರೆಯನ್ನು ಉಜ್ಜಿ ಉಜ್ಜಿ ನಾದ ತರುವುದು, ಎಲ್ಲವನ್ನೂ ಮಕ್ಕಳು ಮನೆಯಲ್ಲೇ ಕಲಿಯುತ್ತಾರೆ. ಕುಂದಗೋಳದ ಸವಾಯಿ ಗಂಧರ್ವರ ಗುರು ಅಬ್ದುಲ್ ಕರೀಂ ಖಾನರು ನೆಲೆಸಿದ್ದೂ ಇದೇ ಮಿರಜಿನಲ್ಲಿ. 2024ರಲ್ಲಿ ಮಿರಜಿನ ಸಿತಾರ್, ತಂಬೂರಿಗಳಿಗೆ ಜಿಐ ಟ್ಯಾಗ್ ಸಿಕ್ಕಿತು. ಇಲ್ಲಿ ಲೆಕ್ಕಕ್ಕೆ ಬರುವುದು ಹುಟ್ಟಿನಿಂದ, ಇಲ್ಲವೇ ಗುರುವಿನ ಕೈಕೆಳಗೆ ಕಲಿಯುವುದರಿಂದ. ಮನೆಯೇ ಶಾಲೆ, ಮನೆಯೇ ಆಸರೆ. ಆದರೆ ಬೇಡಿಕೆ ಬಿದ್ದರೆ ಇಡೀ ಮನೆಯೇ ಬೀಳುತ್ತದೆ.

ಎರಡನೆಯದು ಕಂಪನಿಯ ಊರು. ಲಕ್ಷ್ಮಣರಾವ್ ಕಿರ್ಲೋಸ್ಕರ್ ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟು, ಆಮೇಲೆ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು ಮಾಡಿದರು. ಬೆಳಗಾವಿಯಲ್ಲಿ ಕಾರ್ಖಾನೆಯ ಜಾಗ ಬಿಡಬೇಕಾಗಿ ಬಂದಾಗ ಔಂಧ್ ಸಂಸ್ಥಾನದ ರಾಜರು ಕುಂಡಲ್ ರೋಡ್ ನಿಲ್ದಾಣದ ಹತ್ತಿರ ನೆಲ ಕೊಟ್ಟರು. 1910ರಲ್ಲಿ ಅಲ್ಲಿ ಕಿರ್ಲೋಸ್ಕರವಾಡಿ ಹುಟ್ಟಿತು. ಪಾಪಾಸುಕಳ್ಳಿ ಬೆಳೆದಿದ್ದ ಬರಡು ನೆಲದಲ್ಲಿ ಕಾರ್ಖಾನೆಯ ಜೊತೆ ಕೆಲಸಗಾರರ ಮನೆಗಳೂ ಎದ್ದವು. ಮಾಲೀಕ ಒಳ್ಳೆಯವನಾದರೆ ಇಂಥ ಊರಿನಲ್ಲಿ ಬದುಕು ಭದ್ರ. ಆದರೆ ಮನೆ, ನೀರು, ಶಾಲೆ ಎಲ್ಲವೂ ಒಂದೇ ಕೈಯಿಂದ ಬರುವಾಗ, ಕೆಲಸ ಹೋದರೆ ತಲೆಯ ಮೇಲಿನ ಸೂರೂ ಹೋಗುತ್ತದೆ. ಕೆಲಸ ಇರುವವರೆಗೆ ಮಾತ್ರ ನೀವು ಆ ಊರಿನವರು.

ಮೂರನೆಯದು ಸಹಕಾರ. ಆಗಿನ ಅಹಮದ್‌ನಗರ ಜಿಲ್ಲೆಯ ಪ್ರವರಾನಗರದಲ್ಲಿ ರೈತರೇ ಷೇರು ಹಾಕಿ ಸಕ್ಕರೆ ಕಾರ್ಖಾನೆ ಕಟ್ಟಿದ ಮೇಲೆ, 1950ರ ದಶಕದಲ್ಲಿ ವಸಂತದಾದಾ ಪಾಟೀಲರ ಮುಂದಾಳತ್ವದಲ್ಲಿ ಸಾಂಗ್ಲಿಗೂ ಅದೇ ದಾರಿ ಬಂತು. ನಮ್ಮ ಸಂಕೇಶ್ವರದ ಹಿರಣ್ಯಕೇಶಿ ಕಾರ್ಖಾನೆಯೂ ಇದೇ ಬಗೆಯದು. ಒಂದು ಎಕರೆಯ ರೈತನಿಗೂ ಒಂದು ಮತ, ಇಪ್ಪತ್ತು ಎಕರೆಯವನಿಗೂ ಒಂದೇ ಮತ. ಸಾಹುಕಾರನ ಮುಂದೆ ಕೈಕಟ್ಟಿ ನಿಲ್ಲುತ್ತಿದ್ದ ರೈತ ಕಾರ್ಖಾನೆಯ ಒಡೆಯನಾದ. ಇದು ಸಣ್ಣ ಮಾತಲ್ಲ.

ಆದರೆ ಕಬ್ಬಿನ ಗದ್ದೆಗೆ ಇಳಿದು ನೋಡಿ. ಕಡಿಯುವವರು ಬೀಡ್ ಕಡೆಯಿಂದ, ಜತ್ತಿನಿಂದ, ವಿಜಯಪುರದ ತಾಂಡಾಗಳಿಂದ ಬಂದವರು. ದೀಪಾವಳಿಯ ಆಸುಪಾಸಿನಲ್ಲಿ ಮುಕಾದಮನಿಂದ ಮುಂಗಡ ಪಡೆದು, ಐದಾರು ತಿಂಗಳು ಗುಡಿಸಲಲ್ಲಿದ್ದು ಅದನ್ನು ತೀರಿಸುತ್ತಾರೆ. ಕೂಲಿ ಟನ್ನಿನ ಲೆಕ್ಕ. ಗಂಡ-ಹೆಂಡತಿ ಇಬ್ಬರೂ ಸೇರಿ 'ಒಂದು ಕೊಯ್ತಾ', ಅಂದರೆ ಒಂದು ಕತ್ತಿ. ಹೊರೆ ಹೊತ್ತು ಟ್ರ್ಯಾಕ್ಟರ್ ಏರುವ ಹೆಂಡತಿಗೆ ಲೆಕ್ಕದ ಪುಸ್ತಕದಲ್ಲಿ ಬೇರೆ ಸಾಲೇ ಇಲ್ಲ. ರೈತನನ್ನು ಒಡೆಯನನ್ನಾಗಿ ಮಾಡಿದ ವ್ಯವಸ್ಥೆ ಕಬ್ಬು ಕಡಿಯುವವರನ್ನು ಬಾಗಿಲಾಚೆಯೇ ನಿಲ್ಲಿಸಿತು.

ನಾಲ್ಕನೆಯದು ಹಮಾಲರದ್ದು. ಸಾಂಗ್ಲಿಯ ಅರಿಶಿನ ಪೇಟೆ ದೇಶಕ್ಕೇ ಹೆಸರಾದದ್ದು. ಮೊದಲು ಹರಿಪುರದ ನೆಲದೊಳಗಿನ ಹಗೇವುಗಳಲ್ಲಿ ಅರಿಶಿನ ತುಂಬಿಡುತ್ತಿದ್ದರು. ಆ ಚೀಲ ಹೊರುವವನಿಗೆ ಬೆಳಿಗ್ಗೆ ಒಬ್ಬ ವ್ಯಾಪಾರಿ ಮಾಲೀಕ, ಮಧ್ಯಾಹ್ನ ಇನ್ನೊಬ್ಬ. ಹೀಗಿರುವಾಗ ಬೆನ್ನು ಮುರಿದರೆ ಕೇಳುವವರು ಯಾರು? ಹೋರಾಟಗಳ ಫಲವಾಗಿ ಮಹಾರಾಷ್ಟ್ರದಲ್ಲಿ 1969ರಲ್ಲಿ ಮಾಥಾಡಿ ಕಾಯ್ದೆ ಬಂತು. ಹಮಾಲರೂ ವ್ಯಾಪಾರಿಗಳೂ ಒಂದು ಮಂಡಳಿಯಲ್ಲಿ ಹೆಸರು ನೋಂದಾಯಿಸಬೇಕು. ಕೂಲಿಯನ್ನೂ ಅದರ ಮೇಲೊಂದು ಪಾಲನ್ನೂ ವ್ಯಾಪಾರಿ ಮಂಡಳಿಗೆ ಕಟ್ಟುತ್ತಾನೆ. ಆ ಹಣದಿಂದ ಕೂಲಿ, ಭವಿಷ್ಯ ನಿಧಿ, ಬೋನಸ್, ಔಷಧೋಪಚಾರ. ಖಾಯಂ ಮಾಲೀಕನೇ ಇಲ್ಲದವನಿಗೂ ಖಾಯಂ ಲೆಕ್ಕ ಇಡಬಹುದು ಎಂದು ಈ ಕಾಯ್ದೆ ತೋರಿಸಿತು.

ಈ ಪ್ರಶ್ನೆ ನಮ್ಮ ಭಾಗದ್ದಷ್ಟೇ ಅಲ್ಲ. ಬೇರೆ ದೇಶಗಳೂ ಬೇರೆ ಬೇರೆ ಉತ್ತರ ಕಂಡುಕೊಂಡಿವೆ. ಜರ್ಮನಿಯ 1976ರ ಕಾನೂನಿನ ಪ್ರಕಾರ, 2,000ಕ್ಕಿಂತ ಹೆಚ್ಚು ಕೆಲಸಗಾರರಿರುವ ಕಂಪನಿಯ ಮೇಲ್ವಿಚಾರಣಾ ಮಂಡಳಿಯಲ್ಲಿ ಅರ್ಧ ಸ್ಥಾನಗಳು ಕೆಲಸಗಾರರ ಕಡೆಯವರಿಗೆ. ಸ್ಪೇನಿನ ಮೊಂದ್ರಗೋನ್ ಎಂಬ ಊರಿನ ಕಥೆಯನ್ನಂತೂ ನಾವು ತಿಳಿಯಲೇಬೇಕು. ಅಲ್ಲಿಗೆ 1941ರಲ್ಲಿ ಹೋಸೆ ಮರಿಯಾ ಅರಿಸ್ಮೆಂದಿಯರ್ರಿಯೆತಾ ಎಂಬ ಯುವ ಗುರುಗಳು ಬಂದರು. ಯುದ್ಧದಿಂದ ನೊಂದ ಬಡ ಊರು. ಅವರು 1943ರಲ್ಲಿ ಒಂದು ತಾಂತ್ರಿಕ ಶಾಲೆ ತೆರೆದರು. ಅಲ್ಲಿ ಕಲಿತ ಐವರು 1956ರಲ್ಲಿ ಸ್ಟೌ ತಯಾರಿಸುವ ಕಾರ್ಖಾನೆ ಆರಂಭಿಸಿದರು. ದುಡಿಯುವವರೇ ಒಡೆಯರು, ತಲೆಗೊಂದು ಮತ. ಮೊದಲು ಅತಿ ಹೆಚ್ಚಿನ ಪಗಾರ ಅತಿ ಕಡಿಮೆಯದಕ್ಕಿಂತ ಮೂರು ಪಟ್ಟು ಮೀರುವಂತಿರಲಿಲ್ಲ. ಅಲ್ಲಿಂದ ಹತ್ತಾರು ಸಹಕಾರಿ ಉದ್ಯಮಗಳು ಬೆಳೆದವು. 2013ರಲ್ಲಿ ಅವುಗಳಲ್ಲೇ ದೊಡ್ಡದೊಂದು ದಿವಾಳಿಯಾದಾಗ, ಅದರ ಅನೇಕ ಸದಸ್ಯರಿಗೆ ಉಳಿದ ಸಹಕಾರಿಗಳು ಕೆಲಸ ಕೊಟ್ಟವು. ಆದರೆ ಅಲ್ಲೂ ಒಂದು ಕೊರತೆ ಇದೆ. ಹೊರದೇಶಗಳ ಅವರ ಕಾರ್ಖಾನೆಗಳಲ್ಲಿ ದುಡಿಯುವ ಎಷ್ಟೋ ಜನ ಸದಸ್ಯರಲ್ಲ, ಬರೀ ನೌಕರರು. ನಮ್ಮ ಕಬ್ಬಿನ ಗದ್ದೆಯ ಕಥೆಯೇ ಅಲ್ಲಿಯೂ.

ಇದರಿಂದ ನನಗೆ ತಿಳಿದದ್ದು ಇಷ್ಟು. ಎಂಥ ಒಳ್ಳೆಯ ವ್ಯವಸ್ಥೆಗೂ ಒಂದು ಬೇಲಿ ಇರುತ್ತದೆ. ಒಳಗಿರುವವರಿಗೆ ಅದು ಕಾಣುವುದಿಲ್ಲ. ಹೊರಗಿರುವವರು ಕೇಳುವವರೆಗೆ, ಅಥವಾ ಒಳಗಿರುವವರೇ ಎದ್ದು ಹೋಗಿ ನೋಡುವವರೆಗೆ ಅದು ಜರುಗುವುದೂ ಇಲ್ಲ. ಹಮಾಲರ ಬೇಲಿ ಜರುಗಿತು, ಏಕೆಂದರೆ ಅವರು ಕೇಳಿದರು. ಮೊಂದ್ರಗೋನಿನಲ್ಲಿ ಒಬ್ಬ ಗುರುಗಳು ಗುಡಿಯಿಂದ ಹೊರಬಂದು ನೋಡಿದರು.

ಆದ್ದರಿಂದ ಕೆಲಸಕ್ಕೆ ಹೋಗುವ ಗೆಳೆಯ-ಗೆಳತಿಯರೇ, ಪಗಾರದ ಜೊತೆ ಇವನ್ನೂ ಕೇಳಿ: ನೇಮಕದ ಪತ್ರದಲ್ಲಿ ಯಾರ ಹೆಸರಿದೆ, ಕಂಪನಿಯದೋ ಗುತ್ತಿಗೆದಾರನದೋ? ಪಿಎಫ್ ಯಾರು ಕಟ್ಟುತ್ತಾರೆ? ಪೆಟ್ಟಾದರೆ ಯಾರು ಹೊಣೆ? ಈಗಾಗಲೇ ಖಾಯಂ ಆದವರು, ಪಕ್ಕದ ಯಂತ್ರದಲ್ಲಿ ದುಡಿಯುವವನು ಯಾರ ಲೆಕ್ಕದಲ್ಲಿದ್ದಾನೆ ಎಂದು ಒಮ್ಮೆ ವಿಚಾರಿಸಿ. ಕಬ್ಬು ಬೆಳೆಯುವ ಮನೆಯವರೇ, ಈ ಹಂಗಾಮಿನಲ್ಲಿ ನಿಮ್ಮ ಹೊಲಕ್ಕೆ ಗ್ಯಾಂಗಿನವರು ಬಂದಾಗ ಆ ತಾಯಂದಿರ ಹೆಸರು ಕೇಳಿ ತಿಳಿದುಕೊಳ್ಳಿ. ಲೆಕ್ಕಕ್ಕೆ ತೆಗೆದುಕೊಳ್ಳುವುದು ಹೆಸರಿನಿಂದಲೇ ಶುರುವಾಗುತ್ತದೆ.