ರ‍್ಯಾಲಿ ಕಾರು ಇಳಿಸಿ ಹೋದ ಬ್ಯಾಟರಿ

ಮೊನ್ನೆ ಸಂಜೆ ಏಳು ಗಂಟೆ. ಕಲ್ಯಾಣ ನಗರ, ಔಟರ್ ರಿಂಗ್ ರೋಡ್. ಒಂದು ಕಡೆ ಮೆಟ್ರೋ ಕಾಮಗಾರಿ, ಇನ್ನೊಂದು ಕಡೆ ಎಚ್‌ಆರ್‌ಬಿಆರ್ ಲೇಔಟ್ ಕಡೆಗೆ ತಿರುಗೋರ ಹಾರ್ನ್. ನಾನು ಸ್ಟುಡಿಯೋಗೆ ಹೊರಟಿದ್ದ ಕ್ಯಾಬ್ ಒಂದು ಇನ್ನೋವಾ ಹೈಕ್ರಾಸ್. ಇಪ್ಪತ್ತು ನಿಮಿಷದಲ್ಲಿ ಅರ್ಧ ಕಿಲೋಮೀಟರ್ ಸಾಗಿದ್ದರೆ ಹೆಚ್ಚು. ಇಂಜಿನ್ ಸದ್ದೇ ಇಲ್ಲ. "ಗಾಡಿ ಆಫ್ ಆಯ್ತೇನಪ್ಪಾ?" ಅಂದೆ. ಡ್ರೈವರ್ ನಕ್ಕುಬಿಟ್ಟ. "ಇಲ್ಲ ಸಾರ್, ಬ್ಯಾಟರೀಲಿ ಹೋಗ್ತಿದೆ. ಜಾಮ್ ಇದ್ರೇನೇ ಇದಕ್ಕೆ ಖುಷಿ."

ಆ ಮಾತು ತಲೆಯಲ್ಲಿ ಕೂತುಬಿಡ್ತು. ಯಾಕೆ ಗೊತ್ತಾ? ಇದೇ ಹೈಬ್ರಿಡ್ ವಿದ್ಯೆಯನ್ನು ಜಗತ್ತಿನ ಅತಿ ದೊಡ್ಡ ಕಾರ್ ರ‍್ಯಾಲಿ 2022ರಲ್ಲಿ ಬ್ಯಾಂಡು ಬಾಜಾ ಸಮೇತ ಮನೆ ತುಂಬಿಸಿಕೊಂಡಿತ್ತು. ಮೂರೇ ವರ್ಷಕ್ಕೆ ಹೊರಗೆ ಹಾಕಿತು. ಅಲ್ಲಿ ಸೋತಿದ್ದು ಇಲ್ಲಿ ಗೆದ್ದಿದ್ದು ಹೇಗೆ?

ಕಥೆ ಶುರುವಾಗೋದು 2022ರ ಜನವರಿಯಲ್ಲಿ, ಮಾಂಟೆ ಕಾರ್ಲೋ ರ‍್ಯಾಲಿಯಿಂದ. ವಿಶ್ವ ರ‍್ಯಾಲಿ ಚಾಂಪಿಯನ್‌ಷಿಪ್‌ನ ಹೊಸ ಕಾರುಗಳಿಗೆ ರ‍್ಯಾಲಿ-1 ಅಂತ ಹೆಸರು. 1.6 ಲೀಟರ್ ಟರ್ಬೊ ಪೆಟ್ರೋಲ್ ಇಂಜಿನ್ ಮೊದಲಿಂದಲೂ ಇತ್ತು. ಅದರ ಜೊತೆಗೆ 100 ಕಿಲೋವ್ಯಾಟ್, ಅಂದರೆ ಸುಮಾರು 134 ಹಾರ್ಸ್‌ಪವರ್‌ನ ಎಲೆಕ್ಟ್ರಿಕ್ ಮೋಟರ್ ಸೇರಿತು. 3.9 ಕಿಲೋವ್ಯಾಟ್ ಅವರ್ ಬ್ಯಾಟರಿ. ಎರಡೂ ಕೂಡಿದರೆ 500 ಹಾರ್ಸ್‌ಪವರ್ ದಾಟುವ ಶಕ್ತಿ. ಫೋರ್ಡ್ ಪೂಮಾದಲ್ಲಿ ಬಂದ 47 ವರ್ಷದ ಸೆಬಾಸ್ಟಿಯನ್ ಲೋಬ್ ಆ ಮೊದಲ ಹೈಬ್ರಿಡ್ ರ‍್ಯಾಲಿಯನ್ನು ಗೆದ್ದರು. ಪಕ್ಕದ ಸೀಟಲ್ಲಿ ಕೂತು ದಾರಿ ಓದಿದವರು ಯಾರು? ಇಸಾಬೆಲ್ ಗಾಲ್ಮಿಷ್, ಶಾಲೆಯ ಗಣಿತ ಟೀಚರ್! ಅದೇ ವರ್ಷ ಫಿನ್ಲೆಂಡಿನ ಕಾಲೆ ರೊವನ್‌ಪೆರಾ ಟೊಯೋಟಾ ಓಡಿಸಿ, 22ನೇ ವಯಸ್ಸಿಗೆ, ಇತಿಹಾಸದ ಅತಿ ಕಿರಿಯ ಚಾಂಪಿಯನ್ ಆದ. ಆರಂಭ ಸಿನಿಮಾ ಥರಾನೇ ಇತ್ತು.

ಆದರೆ ಸ್ವಲ್ಪ ಹಿಂದಕ್ಕೆ ಹೋಗಿ ನೋಡಿ. ಈ ಬ್ಯಾಟರಿ ಯಾರಿಗೆ ಬೇಕಾಗಿತ್ತು? ಡ್ರೈವರ್‌ಗಳು ಕೇಳಿರಲಿಲ್ಲ. ಕಾಡಿನ ರಸ್ತೆ ಪಕ್ಕ ಚಳಿಯಲ್ಲಿ ನಿಂತು ನೋಡೋ ಜನ ಕೇಳಿರಲಿಲ್ಲ. 2015ರ ಸೆಪ್ಟೆಂಬರ್‌ನಲ್ಲಿ ಫೋಕ್ಸ್‌ವ್ಯಾಗನ್ನಿನ ಡೀಸೆಲ್ ಹೊಗೆ ಹಗರಣ ಸಿಡಿಯಿತು. 2013ರಿಂದ ಸತತ ನಾಲ್ಕು ಸಲ ಚಾಂಪಿಯನ್ ಆಗಿದ್ದ ಅದೇ ಕಂಪನಿ 2016ರ ಕೊನೆಗೆ ರ‍್ಯಾಲಿಯಿಂದ ಎದ್ದು ಹೋಯಿತು. 2019ರ ಕೊನೆಗೆ ಸಿಟ್ರೊಯೆನ್ ಕೂಡ ಹೋಯಿತು. ಉಳಿದದ್ದು ಟೊಯೋಟಾ, ಹ್ಯುಂಡೈ, ಮತ್ತು ಫೋರ್ಡ್ ಕಾರು ಓಡಿಸುವ ಇಂಗ್ಲೆಂಡಿನ ಎಂ-ಸ್ಪೋರ್ಟ್, ಮೂರೇ ತಂಡ. ಕಂಪನಿಗಳು ಶೋರೂಮಿನಲ್ಲಿ ಎಲೆಕ್ಟ್ರಿಕ್, ಹೈಬ್ರಿಡ್ ಅಂತ ಮಾರ್ತಿದ್ದಾಗ ಅವರ ರೇಸ್ ಕಾರು ಬರೀ ಪೆಟ್ರೋಲ್ ಕುಡಿದರೆ ಹೇಗೆ? ಫಾರ್ಮುಲಾ ಒನ್ 2009ರಲ್ಲೇ ಬ್ರೇಕಿನ ಶಕ್ತಿ ಹಿಡಿದಿಡುವ ಯಂತ್ರ ತಂದಿತ್ತು. 2012ರಲ್ಲಿ ಆಡಿಯ ಹೈಬ್ರಿಡ್ ಲೆ ಮಾನ್ಸ್ 24 ಗಂಟೆಯ ರೇಸ್ ಗೆದ್ದಿತ್ತು. ರ‍್ಯಾಲಿ ಹಿಂದೆ ಬಿದ್ದಿತ್ತು. ಹಾಗಾಗಿ ನನ್ನ ಲೆಕ್ಕದಲ್ಲಿ ಇದು ವೇಗಕ್ಕಿಂತ ಹೆಚ್ಚಾಗಿ ಮುಖ ಉಳಿಸಿಕೊಳ್ಳೋಕೆ ತಂದ ಬ್ಯಾಟರಿ.

ಹಾಗಂತ ಐಡಿಯಾ ದಡ್ಡತನದ್ದಲ್ಲ. ರ‍್ಯಾಲಿ ಕಾರಿನ ವಿಶೇಷ ಏನಂದ್ರೆ, ಅದಕ್ಕೆ ನಂಬರ್ ಪ್ಲೇಟ್ ಇರುತ್ತೆ. ಮುಚ್ಚಿದ ರಸ್ತೆಯ ಒಂದು ಸ್ಟೇಜ್ ಮುಗಿಸಿ ಇನ್ನೊಂದಕ್ಕೆ ಹೋಗುವಾಗ ನಮ್ಮ ನಿಮ್ಮ ಹಾಗೆ ಸಾರ್ವಜನಿಕ ರಸ್ತೆಯಲ್ಲೇ ಹೋಗಬೇಕು, ಸಿಗ್ನಲ್‌ನಲ್ಲಿ ನಿಲ್ಲಬೇಕು. ಹೈಬ್ರಿಡ್ ಬಂದ ಮೇಲೆ ಊರೊಳಗೆ, ಸರ್ವಿಸ್ ಪಾರ್ಕಿನ ಹತ್ತಿರ, ಗೊತ್ತುಮಾಡಿದ ಜಾಗಗಳಲ್ಲಿ ಇಂಜಿನ್ ಆರಿಸಿ ಬ್ಯಾಟರಿಯಲ್ಲೇ ಹೋಗಬೇಕು ಅನ್ನೋ ನಿಯಮ ಬಂತು. ಕಾಡಲ್ಲಿ ಹುಲಿ ಥರ ಅಬ್ಬರಿಸೋ ಕಾರು ಊರೊಳಗೆ ಬೆಕ್ಕಿನ ಹೆಜ್ಜೆ ಇಟ್ಟು ಬರೋದು! ಸ್ಟೇಜ್ ಒಳಗೆ ಬೇರೆ ಆಟ. ಬ್ರೇಕ್ ಒತ್ತಿದಾಗ ಸಿಕ್ಕ ಶಕ್ತಿ ಬ್ಯಾಟರಿಗೆ, ಮತ್ತೆ ಆಕ್ಸಿಲರೇಟರ್ ಒತ್ತಿದಾಗ ಕೆಲವೇ ಸೆಕೆಂಡು ಆ ಹೆಚ್ಚುವರಿ ಒದೆತ.

ಸಮಸ್ಯೆ ಎಲ್ಲಿ ಬಂತು? ಮೊದಲನೆಯದು ತೂಕ. ಕಾರಿನ ಕನಿಷ್ಠ ತೂಕ 1260 ಕೆಜಿ ಆಯಿತು. ಆಮೇಲೆ ಭಯ. ನೂರಾರು ವೋಲ್ಟಿನ ಪೆಟ್ಟಿಗೆ ಅದು. ಅದಕ್ಕೇ ಕಾರಿನ ಮೇಲೆ ದೀಪ ಇಟ್ಟರು. ಹಸಿರಿದ್ದರೆ ಮುಟ್ಟಬಹುದು, ಕೆಂಪಾದರೆ ಯಾರೂ ಹತ್ತಿರ ಹೋಗಕೂಡದು. 2022ರ ಸ್ವೀಡನ್ ರ‍್ಯಾಲಿಯಲ್ಲಿ ಹ್ಯುಂಡೈನ ಓಟ್ ತಾನಕ್ ಈ ಹೈಬ್ರಿಡ್ ಎಚ್ಚರಿಕೆಯಿಂದಲೇ ಕಾರು ನಿಲ್ಲಿಸಬೇಕಾಯಿತು. ಇಂಜಿನ್ ಚೆನ್ನಾಗಿದೆ, ಚಕ್ರ ಚೆನ್ನಾಗಿದೆ, ಡ್ರೈವರ್ ಚೆನ್ನಾಗಿದ್ದಾನೆ. ದೀಪ ಮಾತ್ರ ಕೆಂಪು. ಮನೆಗೆ ನಡಿ!

ನನ್ನ ಪ್ರಕಾರ ದೊಡ್ಡ ಏಟು ಬಿದ್ದದ್ದು ಇನ್ನೊಂದು ಕಡೆ. ಆ ಹೈಬ್ರಿಡ್ ಪೆಟ್ಟಿಗೆ ಮೂರೂ ತಂಡಕ್ಕೆ ಒಂದೇ. ಕೊಡೋದು ಜರ್ಮನಿಯ ಕಾಂಪ್ಯಾಕ್ಟ್ ಡೈನಾಮಿಕ್ಸ್ ಅನ್ನೋ ಒಂದೇ ಕಂಪನಿ. ಅದು ಸೀಲ್ ಆದ ಪೆಟ್ಟಿಗೆ, ತಂಡದ ಮೆಕ್ಯಾನಿಕ್ ಬಿಚ್ಚೋ ಹಾಗಿಲ್ಲ. ಕೆಟ್ಟರೆ ವಾಪಸ್ ಕಳಿಸಿ. ಯೋಚನೆ ಮಾಡಿ. ರ‍್ಯಾಲಿ ಅಂದರೇನೇ ರಿಪೇರಿಯ ಆಟ. ಕೊಟ್ಟ ನಿಮಿಷದಲ್ಲಿ ಗೇರ್‌ಬಾಕ್ಸ್ ಬದಲಾಯಿಸೋ ಆಟ. ನಮ್ಮಲ್ಲೂ ಕೆ-1000 ರ‍್ಯಾಲಿಗೆ, ಚಿಕ್ಕಮಗಳೂರಿನ ಕಾಫಿ ತೋಟದ ಮಣ್ಣಿನ ದಾರಿಗೆ ಪೋಲೋ, ಬಲೆನೋ ತಂದು ನಿಲ್ಲಿಸೋ ಹುಡುಗರಿದ್ದಾರಲ್ಲ, ಅವರಲ್ಲಿ ಎಷ್ಟೋ ಜನಕ್ಕೆ ಜೆ.ಸಿ. ರೋಡ್ ಗೊತ್ತು, ಶಿವಾಜಿನಗರದ ಗುಜರಿ ಗೊತ್ತು. ಅಂಥವರ ಕೈಗೆ ಬಿಚ್ಚಬಾರದ ಪೆಟ್ಟಿಗೆ ಕೊಟ್ಟರೆ ಏನು ಮಾಡ್ತಾರೆ? ಕಂಪನಿಯ ದುಡ್ಡಿಲ್ಲದವನು ಮೇಲಿನ ಮೆಟ್ಟಿಲು ಹತ್ತೋದನ್ನೇ ಮರೆಯಬೇಕು. ಅಷ್ಟೆಲ್ಲಾ ಖರ್ಚಾದ ಮೇಲೂ ನಾಲ್ಕನೇ ಕಂಪನಿ ಆ ಬಾಗಿಲು ತಟ್ಟಿ ಒಳಗೆ ಬರಲಿಲ್ಲ.

ಆಮೇಲೆ ನಡೆದದ್ದು ನಮ್ಮ ರಾಜಕಾರಣಿಗಳ ಯೂ-ಟರ್ನ್ ಮೀರಿಸುವಂಥದ್ದು. 2024ರ ಫೆಬ್ರವರಿಯಲ್ಲಿ ಅಂತಾರಾಷ್ಟ್ರೀಯ ಒಕ್ಕೂಟ ಎಫ್‌ಐಎ, ಮುಂದಿನ ವರ್ಷದಿಂದ ಹೈಬ್ರಿಡ್ ಬೇಡ ಅಂತು. ಇಷ್ಟು ದುಡ್ಡು ಸುರಿದಿದ್ದೀವಿ ಅಂತ ತಂಡಗಳು ತಿರುಗಿಬಿದ್ದವು. ಜೂನ್‌ನಲ್ಲಿ, ಸರಿ ಇರಲಿ ಅಂತು. ನವೆಂಬರ್‌ನಲ್ಲಿ ಮತ್ತೆ, ಬೇಡ! 2025ರಿಂದ ಪೆಟ್ಟಿಗೆ ಇಳಿಸಿದರು, ಕನಿಷ್ಠ ತೂಕ 1180 ಕೆಜಿಗೆ ಬಂತು. ಇಂಜಿನ್‌ಗೆ ಗಾಳಿ ಹೋಗೋ ರಂಧ್ರವನ್ನೂ 36 ಮಿಲಿಮೀಟರ್‌ನಿಂದ 35ಕ್ಕೆ ಇಳಿಸಿದರು. ಹೈಬ್ರಿಡ್ ಕಾಲದ ಕೊನೆಯ ಚಾಂಪಿಯನ್ ಬೆಲ್ಜಿಯಂನ ಥಿಯೆರಿ ನ್ಯೂವಿಲ್, ಹ್ಯುಂಡೈ ಕಾರಲ್ಲಿ.

ಈಗ ಬನ್ನಿ ಬೆಂಗಳೂರಿಗೆ. ಎಲೆಕ್ಟ್ರಿಕ್ ಕಾರಿನ ವಿಷಯದಲ್ಲಿ ಈ ಊರಿಗೆ ಯಾರೂ ಪಾಠ ಹೇಳಬೇಕಿಲ್ಲ. ಚೇತನ್ ಮೈನಿ ಅಮೆರಿಕದಲ್ಲಿ ಓದುವಾಗ, 1990ರಲ್ಲಿ, ಮಿಷಿಗನ್ ವಿಶ್ವವಿದ್ಯಾಲಯದ ಸೋಲಾರ್ ಕಾರ್ ರೇಸ್ ತಂಡದಲ್ಲಿದ್ದರು. ಆ ರೇಸಿನ ಹುಚ್ಚು ಹೊತ್ತು ಬಂದವರು ಇಲ್ಲಿ ಮಾಡಿದ್ದು ರೇಸ್ ಕಾರಲ್ಲ, ರೇವಾ. 2001ರಲ್ಲಿ ರಸ್ತೆಗೆ ಬಂತು. ಪುಟ್ಟ ಡಬ್ಬಿ, ಸೀಸದ ಬ್ಯಾಟರಿ. ನಾವೆಲ್ಲ ನಕ್ಕಿದ್ದೇ ನಕ್ಕಿದ್ದು. ಆದರೆ ಅದೇ ಡಬ್ಬಿ ಜಿ-ವಿಜ್ ಅಂತ ಹೆಸರಿಟ್ಟುಕೊಂಡು ಲಂಡನ್ ಬೀದಿಯಲ್ಲಿ ಓಡಾಡಿತು. ಯಾಕೆ? ಅಲ್ಲಿ ಊರ ನಡುವೆ ಕಾರು ತಂದರೆ ಕಟ್ಟಬೇಕಾದ ಕಂಜೆಷನ್ ಚಾರ್ಜ್ ಎಲೆಕ್ಟ್ರಿಕ್‌ಗೆ ಇರಲಿಲ್ಲ. 2010ರಲ್ಲಿ ಮಹೀಂದ್ರಾ ಕಂಪನಿ ರೇವಾದ ಬಹುಪಾಲು ಷೇರು ಕೊಂಡಿತು. ಅದೇ ಮಹೀಂದ್ರಾ 2014ರಲ್ಲಿ ಫಾರ್ಮುಲಾ-ಇ ಅನ್ನೋ ಎಲೆಕ್ಟ್ರಿಕ್ ರೇಸಿನ ಮೊದಲ ಸೀಸನ್‌ಗೇ ತಂಡ ಇಳಿಸಿತು. ಅಂದರೆ ರಸ್ತೆ ಮೊದಲು, ರೇಸ್ ಆಮೇಲೆ. ಉಲ್ಟಾ ದಾರಿ.

ಹೈಬ್ರಿಡ್‌ನದ್ದೂ ಹಾಗೇ. ಟೊಯೋಟಾ ಜಪಾನಿನಲ್ಲಿ ಪ್ರಿಯಸ್ ಬಿಟ್ಟದ್ದು 1997ರಲ್ಲಿ. ನಮ್ಮ ಬಿಡದಿಯಲ್ಲಿ ಕ್ಯಾಮ್ರಿ ಹೈಬ್ರಿಡ್ ಜೋಡಿಸೋಕೆ ಶುರು ಮಾಡಿದ್ದು 2013ರಲ್ಲಿ. ರ‍್ಯಾಲಿ ಕಾರಿಗೆ ಬ್ಯಾಟರಿ ಬಂದ ಅದೇ 2022ರಲ್ಲಿ ಬಿಡದಿಯ ಹೈರೈಡರ್, ಆಮೇಲೆ ಹೈಕ್ರಾಸ್ ಬಂದವು. ಹೈರೈಡರ್ ಹೈಬ್ರಿಡ್‌ನ ಬ್ಯಾಟರಿ 0.76 ಕಿಲೋವ್ಯಾಟ್ ಅವರ್ ಮಾತ್ರ. ರ‍್ಯಾಲಿ ಕಾರಿನದ್ದರ ಐದರಲ್ಲಿ ಒಂದು ಪಾಲು! ಆದರೂ ಕಂಪನಿ ಹೇಳಿಕೊಳ್ಳುವ ಮೈಲೇಜ್ ಲೀಟರ್‌ಗೆ 27.97 ಕಿಲೋಮೀಟರ್. ಹೊರಗಿಂದ ಚಾರ್ಜ್ ಮಾಡೋದೇ ಬೇಡ. ನಮ್ಮ ಊರೇ ಅದಕ್ಕೆ ಚಾರ್ಜರ್. ಹೆಣ್ಣೂರಿಂದ ಬಾಣಸವಾಡಿಗೆ ಹೋಗೋಷ್ಟರಲ್ಲಿ ಎಷ್ಟು ಸಲ ಬ್ರೇಕ್ ಒತ್ತುತ್ತೀರಿ, ಎಣಿಸಿದ್ದೀರಾ? ಮಾಮೂಲಿ ಕಾರಲ್ಲಿ ಆ ಶಕ್ತಿಯೆಲ್ಲ ಬಿಸಿಯಾಗಿ ಗಾಳಿಗೆ ಹೋಗುತ್ತೆ. ಇದರಲ್ಲಿ ಬ್ಯಾಟರಿಗೆ ಜಮಾ.

ಇಲ್ಲೂ ಒಂದು ಪೆಟ್ಟಿಗೆ ಇದೆ, ತೆರಿಗೆಯ ಪೆಟ್ಟಿಗೆ. ಎಲೆಕ್ಟ್ರಿಕ್ ಕಾರಿಗೆ ಜಿಎಸ್‌ಟಿ ಶೇ 5. ಈ ಅಳತೆಯ ಹೈಬ್ರಿಡ್‌ಗೆ ಸೆಸ್ ಸೇರಿ ಶೇ 43 ಇತ್ತು. 2025ರ ಸೆಪ್ಟೆಂಬರ್ 22ರಿಂದ ಶೇ 40. ಉತ್ತರ ಪ್ರದೇಶ 2024ರ ಜುಲೈನಲ್ಲೇ ಸ್ಟ್ರಾಂಗ್ ಹೈಬ್ರಿಡ್‌ಗಳಿಗೆ ನೋಂದಣಿ ತೆರಿಗೆ ಬಿಟ್ಟುಕೊಟ್ಟಿತು. ಕಾರು ತಯಾರಾಗೋದು ಬಿಡದಿಯಲ್ಲಿ, ಬೆಂಗಳೂರು ಬಿಟ್ಟು ಒಂದು ಗಂಟೆ ದಾರಿ. ರಿಯಾಯಿತಿ ಮೊದಲು ಸಿಕ್ಕಿದ್ದು ಲಖನೌದವನಿಗೆ. ಇದನ್ನ ಕೇಳೋರು ಯಾರು?

ಸಿಗ್ನಲ್ ಹಸಿರಾಯ್ತು. ಹತ್ತು ಅಡಿ ಮುಂದೆ ಹೋಗಿ ಮತ್ತೆ ನಿಂತ್ವಿ. "ಇದರಲ್ಲಿ ಏನಾದ್ರೂ ಕೆಟ್ಟರೆ ನೀವೇ ಬಿಚ್ಚಿ ನೋಡ್ತೀರಾ?" ಅಂತ ಕೇಳಿದೆ. ಡ್ರೈವರ್ ಕನ್ನಡಿಯಲ್ಲಿ ನನ್ನ ಮುಖ ನೋಡಿದ. "ಬ್ಯಾಟರಿ ತಂಟೆಗೆ ಹೋಗಲ್ಲ ಸಾರ್. ವಾರಂಟಿ ಮುಗಿಯೋ ಮೊದಲೇ ಗಾಡಿ ಮಾರಿಬಿಡ್ತೀನಿ."