ಗಾಳಿ ಅಳೆಯೋ ಯಂತ್ರ ತಂದ್ರೆ ಸಾಕಾ? ಅಮೆರಿಕದ ಬುಡಕಟ್ಟುಗಳ ವಾಯು ವಿಭಾಗ ನಡೆಯೋದು ಹೀಗೆ

ನಮ್ಮಲ್ಲಿ ಗಾಳಿ ಎಷ್ಟು ಕೆಟ್ಟಿದೆ ಅಂತ ಅಳೆಯೋದು ಮಾಲಿನ್ಯ ನಿಯಂತ್ರಣ ಮಂಡಳಿಯ ಕೆಲಸ. ಪಂಚಾಯಿತಿಗಾಗಲಿ ಹಾಡಿಗಾಗಲಿ ಆ ಜವಾಬ್ದಾರಿ ಇಲ್ಲ. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿನ ಕೇಂದ್ರ ಸರ್ಕಾರದ ಮಾನ್ಯತೆ ಇರುವ 570ಕ್ಕೂ ಹೆಚ್ಚು ಮೂಲನಿವಾಸಿ ಬುಡಕಟ್ಟುಗಳಲ್ಲಿ ಹಲವು ತಮ್ಮದೇ ವಾಯು ವಿಭಾಗ ಇಟ್ಟುಕೊಂಡಿವೆ.

ಇದಕ್ಕೆ ದಾರಿ ತೋರಿಸಿದ್ದು ಮೊಂಟಾನಾ ರಾಜ್ಯದ ನಾರ್ದರ್ನ್ ಶಯಾನ್ ಬುಡಕಟ್ಟು. ಹತ್ತಿರದ ಕೋಲ್‌ಸ್ಟ್ರಿಪ್‌ನಲ್ಲಿ ಕಲ್ಲಿದ್ದಲು ವಿದ್ಯುತ್ ಘಟಕಗಳು ಬೆಳೆಯುತ್ತಿದ್ದಾಗ, 1977ರಲ್ಲಿ ಇವರು ತಮ್ಮ ನೆಲಕ್ಕೆ ರಾಷ್ಟ್ರೀಯ ಉದ್ಯಾನಗಳಿಗೆ ಸಿಗುವ ‘ಮೊದಲ ದರ್ಜೆ’ ಗಾಳಿಯ ರಕ್ಷಣೆ ಪಡೆದರು. ಹೊಸ ಘಟಕಗಳು ಹೊಗೆ ನಿಯಂತ್ರಣ ಬಿಗಿ ಮಾಡಲೇಬೇಕಾಯ್ತು. ಮುಂದೆ 1990ರ ಕಾನೂನು ತಿದ್ದುಪಡಿ, 1998ರ ನಿಯಮ ಬಂದವು. ಅರ್ಹ ಬುಡಕಟ್ಟನ್ನು ವಾಯು ಕಾನೂನಿನ ಮಟ್ಟಿಗೆ ರಾಜ್ಯದ ಹಾಗೆಯೇ ನೋಡಬೇಕು ಅನ್ನೋದು ಅದರ ಸಾರ.

ಒಬ್ಬರ ಮೇಲೇ ಎಲ್ಲ ಭಾರ

ಅಧಿಕಾರ ಸಿಕ್ಕಿತು, ಕೆಲಸ ಮಾಡೋರು ಯಾರು? ಸಣ್ಣ ಬುಡಕಟ್ಟಿನ ವಿಭಾಗ ಅಂದ್ರೆ ಬಹುತೇಕ ಒಬ್ಬರು, ಹೆಚ್ಚಂದ್ರೆ ಇಬ್ಬರು. ಅನುದಾನದ ಅರ್ಜಿ ಬರೆಯೋದು, ಯಂತ್ರದ ಪಂಪ್ ನೋಡೋದು, ಬುಡಕಟ್ಟು ಮಂಡಳಿಗೆ ವರದಿ ಕೊಡೋದು, ಕಾಡ್ಗಿಚ್ಚಿನ ಹೊಗೆ ಬಂದಾಗ ಜನರಿಗೆ ಎಚ್ಚರಿಕೆ ಹೇಳೋದು, ಎಲ್ಲಾ ಅವರೇ.

ಸೂಕ್ಷ್ಮ ಧೂಳು, ಅಂದ್ರೆ ಪಿಎಂ 2.5 ಅಳೆಯೋ ಉದಾಹರಣೆ ನೋಡಿ. ಮೊದಲೇ ತೂಕ ಮಾಡಿದ ಫಿಲ್ಟರ್‌ ಮೂಲಕ ಮಧ್ಯರಾತ್ರಿಯಿಂದ ಮಧ್ಯರಾತ್ರಿವರೆಗೆ 24 ಗಂಟೆ ಗಾಳಿ ಎಳೆಯಬೇಕು. ಆಮೇಲೆ ಅದನ್ನ ತೆಗೆದು, ತಂಪಾಗಿಟ್ಟು, ಮತ್ತೆ ತೂಕಕ್ಕೆ ಲ್ಯಾಬ್‌ಗೆ ಕಳಿಸಬೇಕು. ಮೂರು ದಿನಕ್ಕೊಮ್ಮೆ ಅಂದ್ರೆ ಮೂರು ತಿಂಗಳಿಗೆ ಸುಮಾರು 30 ಮಾದರಿ. ಅದರಲ್ಲಿ ಶೇ.75 ಸರಿಯಾಗಿ ಸಿಗಬೇಕು. 8 ತಪ್ಪಿದ್ರೆ ಆ ತ್ರೈಮಾಸಿಕವೇ ಲೆಕ್ಕಕ್ಕೆ ಕಮ್ಮಿ. ಮಾನದಂಡದ ಜೊತೆ ಹೋಲಿಸಲು ಮೂರು ವರ್ಷದ ಅಂಕಿ ಬೇಕು. ಹಾಗಾಗಿ ಸಿಬ್ಬಂದಿ ಒಬ್ಬರು ಕೆಲಸ ಬಿಟ್ಟು, ಹೊಸಬರು ಬರೋಕೆ ಒಂದು ತಿಂಗಳು ತಡವಾದ್ರೂ ಕಂಪನಿ ಎದುರು ಇಡಬೇಕಾದ ದಾಖಲೆಯಲ್ಲಿ ತೂತು ಬೀಳುತ್ತೆ.

ಅದಕ್ಕೇ ಕೆಲಸದ ಪ್ರತಿ ಹೆಜ್ಜೆಯನ್ನೂ ಬರೆದಿಡಬೇಕು, ಇನ್ನೊಬ್ಬರಿಗೆ ಫಿಲ್ಟರ್ ಬದಲಿಸೋದಾದ್ರೂ ಕಲಿಸಿರಬೇಕು. ಅದು ಬುಡಕಟ್ಟಿನ ನೀರು ವಿಭಾಗದವರಾದ್ರೂ ಆದೀತು. ಅಳೆದವರೇ ತಮ್ಮ ಅಂಕಿ ತಪಾಸಣೆ ಮಾಡುವಂತಿಲ್ಲ. ಅದಕ್ಕೆ ಪಕ್ಕದ ಬುಡಕಟ್ಟಿನವರನ್ನು ಕರೆಸುವುದುಂಟು. ತರಬೇತಿಗೆ ನಾರ್ದರ್ನ್ ಅರಿಜೋನಾ ವಿಶ್ವವಿದ್ಯಾಲಯದಲ್ಲಿ 1992ರಲ್ಲಿ ಶುರುವಾದ ಒಂದು ಸಂಸ್ಥೆಯೇ ಇದೆ.

ಸಂಬಳ ಎಲ್ಲಿಂದ?

ಕೇಂದ್ರದ ಅನುದಾನ ಎರಡು ಬಗೆ. ‘103’ ಯೋಜನೆಗಷ್ಟೇ ಸೀಮಿತ, ಅವಧಿ ಮುಗಿದ್ರೆ ಹಣವೂ ಮುಗೀತು. ‘105’ ನಿರಂತರ ಕಾರ್ಯಕ್ರಮಕ್ಕೆ. ಅದರಲ್ಲಿ ಅರ್ಹ ಬುಡಕಟ್ಟಿನ ಪಾಲು ಮೊದಲ ಎರಡು ವರ್ಷ ಶೇ.5, ನಂತರ ಶೇ.10ರವರೆಗೆ. ಯಂತ್ರ ಕೊಳ್ಳೋಕೆ ಹಣ ಒಮ್ಮೆ ಸಿಕ್ರೆ ಸಾಕು, ಸಂಬಳ ಪ್ರತಿ ತಿಂಗಳೂ ಬೇಕಲ್ಲ!

ಕೊಲೊರಾಡೊದ ಸದರ್ನ್ ಯೂಟ್ ಬುಡಕಟ್ಟು ಬೇರೆ ದಾರಿ ಹಿಡಿಯಿತು. ತನ್ನ ನೆಲದ ನೈಸರ್ಗಿಕ ಅನಿಲ ಉದ್ಯಮಗಳಿಗೆ ತಾನೇ ಪರವಾನಗಿ ಕೊಡುವ ಅಧಿಕಾರವನ್ನು 2012ರಲ್ಲಿ ಪಡೆಯಿತು. ಆ ಕಾನೂನಿನ ಪ್ರಕಾರ ಪರವಾನಗಿ ಕೆಲಸದ ಖರ್ಚೆಲ್ಲ ಕಂಪನಿಗಳ ಶುಲ್ಕದಿಂದಲೇ ಬರಬೇಕು. ದೊಡ್ಡ ಉದ್ಯಮ ಇಲ್ಲದ, ಸೌದೆ ಒಲೆಯ ಹೊಗೆ, ಕಾಡ್ಗಿಚ್ಚಷ್ಟೇ ಇರುವ ಬುಡಕಟ್ಟುಗಳಿಗೆ ಶುಲ್ಕ ಕಟ್ಟೋರೇ ಇಲ್ಲ. ಅವರದ್ದು ಮತ್ತೆ ಅನುದಾನದ ಅರ್ಜಿಯೇ.